ಅಪ್ಪನ ಧ್ವನಿತಂತುವಿನಲ್ಲಿ ಆರಂಭದ ಹಂತದ ಕ್ಯಾನ್ಸರ್: ಕರೆಂಟ್ (ರೇಡಿಯೇಷನ್) ಕೊಡಿಸುವುದೋ, ಲೇಸರ್ ಮಾಡಿಸುವುದೋ?

ಗಾಜನೂರಿನವ:
ನನ್ನ ತಂದೆಯವರಿಗೆ 68 ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ಶಿವಮೊಗ್ಗದ ಸುತ್ತಮುತ್ತ ಗಮಕ ವಾಚನಕ್ಕೆ ಇಂದಿಗೂ ಅವರನ್ನು ಕರೆಯುತ್ತಾರೆ. ಕಳೆದ ಯುಗಾದಿಯ ಹೊತ್ತಿಗೆ ಅವರ ಧ್ವನಿ ಒಡೆಯತೊಡಗಿತು. ಶೀತವಿರಬೇಕೆಂದು ಮನೆಯಲ್ಲಿ ಕಷಾಯ, ಜ್ಯೇಷ್ಠಮಧು ಎಲ್ಲವೂ ನಡೆದವು. ಹತ್ತಿರದ ವೈದ್ಯರು ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟರು, ಆಮೇಲೆ ಆಸಿಡಿಟಿಯಿಂದ ಹೀಗಾಗಿದೆ ಎಂದು ಇನ್ನೊಂದು ತಿಂಗಳು ಮಾತ್ರೆ ನುಂಗಿಸಿದರು. ಹೀಗೆ ಐದು ತಿಂಗಳು ಕಳೆದ ಮೇಲೆ ಕಿವಿ ಮೂಗು ಗಂಟಲು ತಜ್ಞರ ಬಳಿ ಹೋದಾಗ, ಅವರು ಮೂಗಿನಿಂದ ಸಣ್ಣ ನಳಿಗೆ ಇಳಿಸಿ ನೋಡಿ, ಬಲಗಡೆಯ ತಂತುವಿನ ಮೇಲೆ ಬೆಳ್ಳಗೆ ಒರಟಾದದ್ದೇನೋ ಕಾಣುತ್ತಿದೆ ಎಂದರು. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ (ಮೇಲ್ಪದರದ ಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಎಂದು ಬಂದಿದೆ. ಹಂತ ‘ಟಿ1ಎ’ ಎಂದು ಬರೆದಿದ್ದಾರೆ.

ಒಬ್ಬ ವೈದ್ಯರು ಲೇಸರ್ ಮಾಡಿಸಿ, ಎರಡು ದಿನದಲ್ಲಿ ಮನೆಗೆ ಹೋಗಬಹುದು ಎನ್ನುತ್ತಾರೆ. ಇನ್ನೊಬ್ಬರು 28 ಸಿಟಿಂಗ್ ರೇಡಿಯೇಷನ್ ಕೊಡೋಣ, ಧ್ವನಿ ಚೆನ್ನಾಗಿ ಉಳಿಯುತ್ತದೆ ಎನ್ನುತ್ತಾರೆ. ಅಪ್ಪ ಎರಡನ್ನೂ ಕೇಳಿಸಿಕೊಂಡು, “ಷಟ್ಪದಿಯ ಮೊದಲರ್ಧವನ್ನು ಒಂದೇ ಉಸಿರಿನಲ್ಲಿ ಓದಲು ಆಗುತ್ತದೆಯೋ ಇಲ್ಲವೋ, ಅದನ್ನು ಮಾತ್ರ ಕೇಳಿ ಹೇಳು” ಎಂದರು. ಆ ಪ್ರಶ್ನೆಗೆ ಇಬ್ಬರೂ ವೈದ್ಯರು ನಕ್ಕರೇ ಹೊರತು ಉತ್ತರ ಹೇಳಲಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ನೇರಮಾತು:
ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ, ಲೇಸರ್ ಮಾಡಿಸಿ. ಒಂದು ದಿನದ ಕೆಲಸಕ್ಕೆ ಐದೂವರೆ ವಾರ ಯಾಕೆ ಅಲೆಯಬೇಕು? ಕ್ಯಾನ್ಸರ್ ಮರುಕಳಿಸಿದರೆ ಲೇಸರನ್ನು ಇನ್ನೊಮ್ಮೆ ಮಾಡಬಹುದು, ರೇಡಿಯೇಷನ್ನನ್ನೂ ಆಗ ಕೊಡಬಹುದು. ಮೊದಲೇ ರೇಡಿಯೇಷನ್ ಕೊಡಿಸಿಬಿಟ್ಟರೆ ಅದೇ ಜಾಗಕ್ಕೆ ಎರಡನೆಯ ಸಲ ಕೊಡಲು ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ. ಬತ್ತಳಿಕೆಯಲ್ಲಿರುವ ಒಂದೇ ಬಾಣವನ್ನು ಮೊದಲ ದಿನವೇ ಬಿಡುವುದು ಯಾವ ಜಾಣತನ?

ಹುಬ್ಬಳ್ಳಿ ಕಂಡಕ್ಟರ್:
ನಾನು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ 31 ವರ್ಷ ದುಡಿದವನು. ಒಂಬತ್ತು ವರ್ಷಗಳ ಹಿಂದೆ ನನಗೂ ಇದೇ ಕಾಯಿಲೆ, ಇದೇ ಹಂತದಲ್ಲಿ ಬಂತು. ನಮ್ಮ ಕಡೆ ಇದನ್ನು ರೇಡಿಯೇಷನ್ ಎನ್ನುವುದಿಲ್ಲ, ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆ ಮಾತು ಕೇಳಿಯೇ ನನ್ನ ಹೆಂಡತಿ ಎರಡು ದಿನ ಊಟ ಬಿಟ್ಟಿದ್ದಳು. ಕರೆಂಟೂ ಇಲ್ಲ, ಶಾಕೂ ಇಲ್ಲ, ಬಿಸಿ ಸಹ ತಾಗುವುದಿಲ್ಲ.

ಮೊದಲ ದಿನ ಮಾಸ್ಕ್ ಮಾಡುತ್ತಾರೆ. ಜರಡಿಯಂತೆ ತೂತುಗಳಿರುವ ಬಿಳಿ ಹಾಳೆಯೊಂದನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿ, ಹಪ್ಪಳದ ಹಿಟ್ಟಿನಂತೆ ಮೆತ್ತಗಾದ ಮೇಲೆ ಮುಖ ಮತ್ತು ಕುತ್ತಿಗೆಯ ಮೇಲೆ ಎಳೆದು ಒತ್ತುತ್ತಾರೆ. ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾಗಿ ನಿಮ್ಮದೇ ಮುಖದ ಅಚ್ಚಾಗುತ್ತದೆ. ಆಮೇಲೆ ದಿನವೂ ಅದನ್ನೇ ಹಾಕಿ ಹಲಗೆಗೆ ಬಿಗಿಯುತ್ತಾರೆ. ನನಗೆ ಮೊದಲ ಎರಡು ದಿನ ಉಸಿರು ಕಟ್ಟಿದಂತಾಯಿತು. ಮೂರನೆಯ ದಿನದಿಂದ ನಾನು ಮನಸ್ಸಿನಲ್ಲೇ ಹುಬ್ಬಳ್ಳಿಯಿಂದ ಧಾರವಾಡದವರೆಗಿನ ಸ್ಟಾಪುಗಳನ್ನು ಎಣಿಸತೊಡಗಿದೆ. ನವಲೂರು ದಾಟುವಷ್ಟರಲ್ಲಿ ಯಂತ್ರ ನಿಂತಿರುತ್ತಿತ್ತು. ಕಿರಣ ಬೀಳುವುದು ಬರಿಯ ಒಂದೆರಡು ನಿಮಿಷ, ಉಳಿದದ್ದೆಲ್ಲ ಮಲಗಿಸಿ ಹೊಂದಿಸುವ ಸಮಯ.

ಧ್ವನಿ? ಈಗ ಚೆನ್ನಾಗಿದೆ. ಆದರೆ ಸಂಜೆಯಾದರೆ ಗಂಟಲು ಒಣಗುತ್ತದೆ, ಬಾಟಲಿ ನೀರಿಲ್ಲದೆ ಹೊರಗೆ ಹೋಗುವುದಿಲ್ಲ.

ಕಿವಿಮೂಗುಗಂಟಲು:
ನಾನು ಈ ವಿಭಾಗದ ವೈದ್ಯ. ರೋಗಿಯನ್ನು ನೋಡದೆ ಇಂಥದ್ದೇ ಮಾಡಿಸಿ ಎಂದು ಹೇಳುವುದು ತಪ್ಪಾಗುತ್ತದೆ, ಆದರೆ ಯಾವ ಪ್ರಶ್ನೆ ಕೇಳಬೇಕೆಂದು ಹೇಳಬಲ್ಲೆ.

‘ಟಿ1ಎ’ ಎಂದರೆ ಗಡ್ಡೆ ಒಂದೇ ತಂತುವಿನಲ್ಲಿದೆ, ತಂತು ಚೆನ್ನಾಗಿ ಅಲುಗಾಡುತ್ತಿದೆ ಎಂದರ್ಥ. ಎರಡೂ ತಂತುಗಳಿಗೆ ಹರಡಿದ್ದರೆ ‘ಟಿ1ಬಿ’. ತಂತುವಿನಿಂದ ಮೇಲಕ್ಕೋ ಕೆಳಕ್ಕೋ ಹರಡಿದ್ದರೆ ಅಥವಾ ಚಲನೆ ಕುಂಠಿತವಾಗಿದ್ದರೆ ‘ಟಿ2’. ಮೊದಲ ಹಂತದಲ್ಲಿ ಲೇಸರ್ ಇರಲಿ, ರೇಡಿಯೇಷನ್ ಇರಲಿ, ಗಡ್ಡೆ ಮತ್ತೆ ಬಾರದಂತೆ ತಡೆಯುವ ಪ್ರಮಾಣ ನೂರಕ್ಕೆ 85ರಿಂದ 95ರ ಆಸುಪಾಸಿನಲ್ಲಿದೆ. ಹಾಗಾಗಿ ಜೀವ ಉಳಿಸುವುದರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಅರ್ಥವಿಲ್ಲ. ನೇರಮಾತು ಅವರು ಬಾಣದ ವಿಷಯದಲ್ಲಿ ಹೇಳಿದ್ದು ಸರಿಯಾದ ಮಾತೇ. ಆದರೆ ಅವರು ಒಂದನ್ನು ಬಿಟ್ಟಿದ್ದಾರೆ: ಲೇಸರಿನಲ್ಲಿ ತಂತುವಿನ ಒಂದಿಷ್ಟು ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಗಡ್ಡೆ ತಂತುವಿನ ನಡುವೆ, ಮೇಲ್ಪದರದಲ್ಲಿ ಮಾತ್ರ ಇದ್ದರೆ ಕತ್ತರಿಸುವುದು ತೆಳುವಾಗಿ ಮುಗಿಯುತ್ತದೆ, ಧ್ವನಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ಆಗ ನಾನೂ ಲೇಸರನ್ನೇ ಹೇಳುತ್ತೇನೆ. ಆಳಕ್ಕಿಳಿದಿದ್ದರೆ ಸ್ನಾಯುವನ್ನೂ ತೆಗೆಯಬೇಕಾಗುತ್ತದೆ, ಅಲ್ಲಿ ಹಳ್ಳ ಉಳಿಯುತ್ತದೆ. ಮಾತನಾಡುವಾಗ ಎರಡು ತಂತುಗಳು ಪೂರ್ತಿ ಕೂಡದೆ, ಆ ಸಂದಿನಲ್ಲಿ ಗಾಳಿ ಸೋರುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಎರಡು ತಂತುಗಳು ಮುಂದೆ, ಅಂದರೆ ಕುತ್ತಿಗೆಯ ಗುಬುಟಿನ ಹಿಂಬದಿಯಲ್ಲಿ ಸೇರುವ ಸಂಧಿ ಇದೆಯಲ್ಲ, ಗಡ್ಡೆ ಅದನ್ನು ಮುಟ್ಟಿದೆಯೇ? ಮುಟ್ಟಿದ್ದರೆ ಲೇಸರ್ ಕಷ್ಟ. ಅಲ್ಲಿ ಕತ್ತರಿಸಿದಾಗ ಎರಡು ತಂತುಗಳ ನಡುವೆ ಬಲೆಯಂತೆ ಚರ್ಮ ಬೆಳೆದು ಅಂಟಿಕೊಳ್ಳುವುದುಂಟು. ರೇಡಿಯೇಷನ್ನಿನಲ್ಲಿಯೂ ಆ ಜಾಗ ಸ್ವಲ್ಪ ಹಟಮಾರಿಯೇ.

ಗಂಗೊಳ್ಳಿ ಬಂದರು:
ನಮ್ಮ ತಂದೆ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದವರು. ನಾಲ್ಕು ವರ್ಷಗಳ ಹಿಂದೆ ಲೇಸರ್ ಮಾಡಿಸಿದೆವು. ಸೋಮವಾರ ಆಸ್ಪತ್ರೆಗೆ ಸೇರಿ ಬುಧವಾರ ಮನೆಗೆ ಬಂದು ಮೀನು ಸಾರು ಉಂಡರು, ಅದು ನಿಜ. ಕ್ಯಾನ್ಸರ್ ಮತ್ತೆ ಬಂದಿಲ್ಲ, ಅದೂ ನಿಜ. ಆದರೆ ಡಾಕ್ಟರರು ಈಗ ಹೇಳಿದ ಗಾಳಿ ಸೋರುವುದು ಎಂಬ ಮಾತನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು ಮಾರಾಯರೇ. ಅಪ್ಪಯ್ಯ ಒಂದು ಬುಟ್ಟಿಯ ದರ ಕೂಗಿ ಮುಗಿಸುವಷ್ಟರಲ್ಲಿ ಉಸಿರು ಖಾಲಿಯಾಗುತ್ತದೆ. ಈಗ ತಮ್ಮ ಕೂಗುತ್ತಾನೆ, ಅಪ್ಪಯ್ಯ ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತಾರೆ.

ನೇರಮಾತು:
ಒಬ್ಬರ ಅನುಭವದಿಂದ ಎಲ್ಲರಿಗೂ ಸಿದ್ಧಾಂತ ಮಾಡಬಾರದು. ಹುಬ್ಬಳ್ಳಿಯವರ ಗಂಟಲು ಒಣಗುತ್ತದೆ, ಗಂಗೊಳ್ಳಿಯವರ ಉಸಿರು ಸೋರುತ್ತದೆ, ಎರಡೂ ತೊಂದರೆಯೇ ತಾನೇ. ಇಬ್ಬರನ್ನೂ ಸಮನಾಗಿ ತೂಗಿದ ಪ್ರಯೋಗ ಯಾವುದಾದರೂ ಇದೆಯೇ?

ಸ್ವರಸಾಧನೆ:
ಇದೆ. ಫಿನ್‌ಲ್ಯಾಂಡಿನಲ್ಲಿ ‘ಟಿ1ಎ’ ಹಂತದ 60 ಮಂದಿ ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಲೇಸರ್, ಇನ್ನೊಂದಕ್ಕೆ ರೇಡಿಯೇಷನ್ ಕೊಟ್ಟು ಎರಡು ವರ್ಷ ಗಮನಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಒಟ್ಟಾರೆ ಧ್ವನಿಯ ಗುಣಮಟ್ಟದಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆದರೆ ಲೇಸರ್ ಆದವರ ಧ್ವನಿಯಲ್ಲಿ ಗಾಳಿ ಬೆರೆತಿತ್ತು, ತಂತುಗಳ ನಡುವಿನ ಸಂದು ಹೆಚ್ಚಿತ್ತು. ರೇಡಿಯೇಷನ್ ಪಡೆದವರಿಗೆ ಗೊಗ್ಗರು ಧ್ವನಿಯಿಂದ ದಿನನಿತ್ಯದ ಬದುಕಿನಲ್ಲಾಗುವ ತೊಡಕು ಕಡಿಮೆಯಿತ್ತು. ಧ್ವನಿಯನ್ನೇ ನೆಚ್ಚಿಕೊಂಡವರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ನಾನು ವಾಕ್ ಚಿಕಿತ್ಸಕಿ, ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಗಾಜನೂರಿನವರೇ, ನಿಮ್ಮ ತಂದೆಯವರು ಕೇಳಿದ್ದು ನಗುವ ಪ್ರಶ್ನೆಯೇ ಅಲ್ಲ. ನಾವು ರೋಗಿಗಳಿಗೆ ಮೊದಲು ಮಾಡಿಸುವ ಪರೀಕ್ಷೆಯೂ ಅದೇ: ತುಂಬಿ ಉಸಿರೆಳೆದು ‘ಆ’ ಎಂದು ಎಷ್ಟು ಸೆಕೆಂಡು ಹಿಡಿಯಬಲ್ಲರು? ಆರೋಗ್ಯವಂತ ಗಂಡಸರು ಇಪ್ಪತ್ತು ಸೆಕೆಂಡಿನ ಆಸುಪಾಸು ಹಿಡಿಯುತ್ತಾರೆ. ಚಿಕಿತ್ಸೆ ಯಾವುದೇ ಆಗಲಿ, ಶುರುವಾಗುವ ಮೊದಲು ಅದನ್ನು ಗಡಿಯಾರ ನೋಡಿ ಬರೆದಿಡಿ, ನಾಲ್ಕು ಸಾಲು ಓದಿಸಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಆರು ತಿಂಗಳ ನಂತರ “ಮೊದಲಿನ ಹಾಗಿಲ್ಲ” ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮೊದಲು ಹೇಗಿತ್ತು ಎಂಬುದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಹಳ್ಳಿಮದ್ದು:
ಎಲ್ಲರೂ ಯಂತ್ರದ ಮಾತನ್ನೇ ಆಡುತ್ತಿದ್ದೀರಿ. ಮೊದಲ ಹಂತದಲ್ಲೇ ಇದೆಯಲ್ಲ, ಒಂದು ಮಂಡಲ ನಾಟಿ ಔಷಧಿ ಕೊಡಿಸಿ ನೋಡಲಿ. ಗುಣ ಕಾಣದಿದ್ದರೆ ಆಸ್ಪತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಕಿವಿಮೂಗುಗಂಟಲು:
ಆಸ್ಪತ್ರೆ ಓಡಿಹೋಗುವುದಿಲ್ಲ, ಗಡ್ಡೆ ಓಡುತ್ತದೆ. ಧ್ವನಿತಂತುವಿನ ಕ್ಯಾನ್ಸರ್ ಇಷ್ಟು ಚೆನ್ನಾಗಿ ಗುಣವಾಗಲು ಎರಡು ಕಾರಣಗಳಿವೆ. ಮೊದಲನೆಯದು, ಅಕ್ಕಿಕಾಳಿನಷ್ಟು ಗಡ್ಡೆಯಾದರೂ ಧ್ವನಿ ಕೆಟ್ಟು ಬೇಗ ಸುಳಿವು ಸಿಗುತ್ತದೆ. ಎರಡನೆಯದು, ತಂತುವಿನಲ್ಲಿ ದುಗ್ಧರಸವನ್ನು ಗ್ರಂಥಿಗಳಿಗೆ ಒಯ್ಯುವ ಸಣ್ಣ ನಾಳಗಳು ಬಹಳ ವಿರಳ, ಹಾಗಾಗಿ ಮೊದಲ ಹಂತದಲ್ಲಿ ಕುತ್ತಿಗೆಯ ಗ್ರಂಥಿಗಳಿಗೆ ರೋಗ ಹರಡುವುದು ತೀರಾ ಅಪರೂಪ. ತಂತುವಿನ ಗಡಿ ದಾಟಿ ಮೇಲೆ ಅಥವಾ ಕೆಳಗೆ ಕಾಲಿಟ್ಟರೆ ಈ ಎರಡನೆಯ ಅನುಕೂಲ ಹೋಗಿಬಿಡುತ್ತದೆ. ಇವರು ಈಗಾಗಲೇ ಐದು ತಿಂಗಳು ಕಳೆದಿದ್ದಾರೆ. ಅವರಿಗೆ ಇನ್ನೂ 48 ದಿನ ಕಾಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ, ನಿಮಗೆ ಇರುವುದು ನೋಡಿ ಆಶ್ಚರ್ಯವಾಗುತ್ತದೆ.

ಮೂರು ವಾರಕ್ಕಿಂತ ಹೆಚ್ಚು ಧ್ವನಿ ಒಡೆದಿದ್ದರೆ, ಅದರಲ್ಲೂ ಬೀಡಿ ಸಿಗರೇಟಿನ ಅಭ್ಯಾಸವಿದ್ದವರು, ನಳಿಗೆ ಹಾಕಿಸಿ ತಂತುವನ್ನು ನೋಡಿಸಿಕೊಳ್ಳದೆ ಯಾವ ಮಾತ್ರೆಯನ್ನೂ ನುಂಗುತ್ತಾ ಕೂರಬಾರದು.

ಹಳ್ಳಿಮದ್ದು:
ಅನುಭವದಿಂದ ಹೇಳಿದೆ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ರಾಮಕೃಷ್ಣ ಪರಮಹಂಸರಂಥವರಿಗೇ ಗಂಟಲಿನ ಕ್ಯಾನ್ಸರ್ ಬಂತು, ದೊಡ್ಡ ವೈದ್ಯರೇ ನೋಡಿದರೂ ಉಳಿಯಲಿಲ್ಲ.

ಲೀನಾಕ್ ಭೌತಿಗ:
ಪರಮಹಂಸರು ತೀರಿಕೊಂಡದ್ದು 1886ರಲ್ಲಿ. ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಇಲ್ಲದ ಚಿಕಿತ್ಸೆಯನ್ನು ಸೋತ ಚಿಕಿತ್ಸೆ ಎನ್ನುವುದು ಹೇಗೆ?

ನಾನು ರೇಡಿಯೇಷನ್ ವಿಭಾಗದಲ್ಲಿ ಭೌತವಿಜ್ಞಾನಿ. ಯಂತ್ರದಿಂದ ಎಷ್ಟು ಕಿರಣ ಎಲ್ಲಿಗೆ ಬೀಳಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಹತ್ತು ನಿಮಿಷ ಇದ್ದರೆ ಓದಿ.

28 ಸಿಟಿಂಗ್ ಏಕೆ, ಒಂದೇ ಸಲ ಏಕಿಲ್ಲ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ ಕ್ಲೋಡಿಯಸ್ ರೆಗೋ ಎಂಬ ವಿಜ್ಞಾನಿ ಟಗರುಗಳ ವೃಷಣದ ಮೇಲೆ ಪ್ರಯೋಗ ಮಾಡಿ, ಒಂದೇ ಸಲ ಕಿರಣ ಹಾಯಿಸಿದರೆ ಮೇಲಿನ ಚರ್ಮ ಕೆಡುತ್ತದೆ, ಅದನ್ನೇ ಹಂಚಿ ಹಲವು ದಿನ ಕೊಟ್ಟರೆ ಚರ್ಮ ಉಳಿದು ಒಳಗಿನ ವೇಗವಾಗಿ ಬೆಳೆಯುವ ಕೋಶಗಳು ಮಾತ್ರ ಸಾಯುತ್ತವೆ ಎಂದು ತೋರಿಸಿದರು. ಅದೇ ಸಂಸ್ಥೆಯ ಆನ್ರಿ ಕೂತಾರ್ 1920ರ ದಶಕದಲ್ಲಿ ಈ ವಿಧಾನವನ್ನು ಮನುಷ್ಯರ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಬಳಸಿ ಗುಣಪಡಿಸಿದರು. ಇಂದು ಜಗತ್ತಿನಾದ್ಯಂತ ಎಲ್ಲ ಬಗೆಯ ಕ್ಯಾನ್ಸರಿಗೂ ಕಂತುಗಳಲ್ಲಿ ಕೊಡುವ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದರಲ್ಲಿ ಗಂಟಲಿನ ಇದೇ ರೋಗಿಗಳ ಪಾಲು ದೊಡ್ಡದು.

ಇನ್ನು ಕಂತಿನ ಗಾತ್ರ. ಮೊದಲು ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ಕಿರಣದ ಪ್ರಮಾಣವನ್ನು ಅಳೆಯುವ ಮಾನ) 30ರಿಂದ 33 ದಿನ ಕೊಡುತ್ತಿದ್ದರು. ಜಪಾನಿನ ಒಸಾಕಾದಲ್ಲಿ ಇದನ್ನೂ ದಿನಕ್ಕೆ 2.25 ಗ್ರೇ ಕೊಡುವುದನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದರು. ಐದು ವರ್ಷಗಳ ನಂತರ ಗಡ್ಡೆ ಮರುಕಳಿಸದೆ ಇದ್ದವರು 2 ಗ್ರೇ ಗುಂಪಿನಲ್ಲಿ ನೂರಕ್ಕೆ 77, 2.25 ಗ್ರೇ ಗುಂಪಿನಲ್ಲಿ ನೂರಕ್ಕೆ 92, ಅಡ್ಡಪರಿಣಾಮ ಹೆಚ್ಚಲಿಲ್ಲ. ನಿಮ್ಮ ತಂದೆಯವರಿಗೆ ಹೇಳಿರುವ 28 ಸಿಟಿಂಗ್ ಎಂದರೆ ಇದೇ ಲೆಕ್ಕ ಇರಬೇಕು, ಒಟ್ಟು 63 ಗ್ರೇ.

ಕಿರಣ ಬೀಳುವ ಜಾಗ ಸುಮಾರು ಐದು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಎಂದುಕೊಳ್ಳಿ. ಗ್ರಂಥಿಗಳಿಗೆ ಹರಡುವ ಭಯವಿಲ್ಲದಿರುವುದರಿಂದ ಕುತ್ತಿಗೆಯ ಉಳಿದ ಭಾಗವನ್ನು ಮುಟ್ಟುವುದೇ ಇಲ್ಲ.

ಸಿಂಧನೂರು ಸೊಸೆ:
ನಮ್ಮ ಮಾವನವರಿಗೆ ರೇಡಿಯೇಷನ್ ಶುರುಮಾಡುವ ಮೊದಲು ಹಲ್ಲುಗಳನ್ನೆಲ್ಲ ಕೀಳಿಸಿದರು, ಆಮೇಲೆ ಬಾಯಲ್ಲಿ ಜೊಲ್ಲೇ ಇಲ್ಲ, ರೊಟ್ಟಿ ನುಂಗಲು ಆಗುವುದಿಲ್ಲ, ರುಚಿಯೂ ಗೊತ್ತಾಗುವುದಿಲ್ಲ. ಇದನ್ನೆಲ್ಲ ಯೋಚಿಸಿ ನಿರ್ಧಾರ ಮಾಡಿ.

ಲೀನಾಕ್ ಭೌತಿಗ:
ನಿಮ್ಮ ಮಾವನವರಿಗೆ ಬಂದದ್ದು ಬಾಯಿಯ ಅಥವಾ ನಾಲಿಗೆಯ ಕ್ಯಾನ್ಸರ್ ಇರಬೇಕು, ಹೌದೇ?

ಸಿಂಧನೂರು ಸೊಸೆ:
ಹೌದು, ನಾಲಿಗೆಯ ಬುಡದಲ್ಲಿ. ಎರಡೂ ಒಂದೇ ಗಂಟಲಲ್ಲವೇ?

ಲೀನಾಕ್ ಭೌತಿಗ:
ಅಲ್ಲ. ನಾಲಿಗೆಯ ಬುಡಕ್ಕೆ ಕೊಡುವಾಗ ದವಡೆ, ಜೊಲ್ಲುಗ್ರಂಥಿಗಳು, ಕುತ್ತಿಗೆಯ ಎರಡೂ ಬದಿ, ಎಲ್ಲವೂ ಕಿರಣದ ದಾರಿಗೆ ಬರುತ್ತವೆ. ಧ್ವನಿತಂತುವಿಗೆ ಕೊಡುವ ಚಿಕ್ಕ ಚೌಕದಲ್ಲಿ ಹಲ್ಲೂ ಇಲ್ಲ, ಜೊಲ್ಲುಗ್ರಂಥಿಯೂ ಇಲ್ಲ, ನಾಲಿಗೆಯೂ ಇಲ್ಲ. ಹಾಗಾಗಿ ಇದಕ್ಕಾಗಿ ಹಲ್ಲು ಕೀಳಿಸಬೇಕಾಗಿಲ್ಲ, ರುಚಿ ಹೋಗುವುದಿಲ್ಲ. ಆರಂಭದ ಹಂತವಾದ್ದರಿಂದ ಕೀಮೋ ಸಹ ಬೇಡ. ಧ್ವನಿಪೆಟ್ಟಿಗೆಯೊಳಗೆ ಲೋಳೆ ಒಸರುವ ಸಣ್ಣ ಗ್ರಂಥಿಗಳು ಮಾತ್ರ ಸೊರಗುತ್ತವೆ. ಹುಬ್ಬಳ್ಳಿಯವರ ಬಾಟಲಿ ನೀರಿನ ಕಾರಣ ಅದು.

ಅಮ್ಮನ ಕೈತುತ್ತು:
ಚಿಕಿತ್ಸೆ ನಡೆಯುವಾಗ ಮೊಮ್ಮಕ್ಕಳನ್ನು ಹತ್ತಿರ ಬಿಡಬಾರದು ಎನ್ನುತ್ತಾರಲ್ಲ?

ಹುಬ್ಬಳ್ಳಿ ಕಂಡಕ್ಟರ್:
ಯಂತ್ರ ಆರಿದ ಕೂಡಲೇ ಕಿರಣವೂ ಮುಗಿಯಿತು, ಮೈಯಲ್ಲಿ ಏನೂ ಉಳಿದಿರುವುದಿಲ್ಲ. ನನ್ನ ಮೊಮ್ಮಗಳು ದಿನವೂ ತೊಡೆಯ ಮೇಲೆ ಮಲಗಿಯೇ ನಿದ್ದೆ ಮಾಡುತ್ತಿದ್ದಳು.

ಗಾಜನೂರಿನವ:
ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರರು ಹೇಳಿದ ಪ್ರಶ್ನೆಯನ್ನು ಕೇಳಿಕೊಂಡು ಬಂದೆ. ಗಡ್ಡೆ ಮುಂದಿನ ಸಂಧಿಯನ್ನು ಮುಟ್ಟಿದೆ, ಎಡಗಡೆಯ ತಂತುವಿಗೆ ದಾಟಿಲ್ಲ. ಇದನ್ನು ತೋರಿಸಿದ ಮೇಲೆ ಲೇಸರ್ ಹೇಳಿದ್ದ ವೈದ್ಯರೂ ರೇಡಿಯೇಷನ್ ಆಗಬಹುದು ಎಂದರು. ಅಪ್ಪನ ‘ಆ’ ಒಂಬತ್ತು ಸೆಕೆಂಡಿಗೆ ನಿಂತಿತು, ಬರೆದಿಟ್ಟಿದ್ದೇನೆ.

ಈಗ ಎರಡು ಹೊಸ ಗೊಂದಲಗಳಿವೆ. ಒಂದು ಕಡೆ ವಿಕಿರಣ ಸೂಸುವ ಕೋಬಾಲ್ಟ್ ಲೋಹದಿಂದ ಕಿರಣ ಕೊಡುವ ಯಂತ್ರ ಇದೆ, ಇನ್ನೊಂದು ಕಡೆ ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಲೀನಾಕ್ ಯಂತ್ರ ಇದೆ. ಲೀನಾಕ್ ಇರುವಲ್ಲಿ ಐಎಂಆರ್‌ಟಿ (ಕಿರಣದ ಬಲವನ್ನು ಜಾಗಕ್ಕೆ ತಕ್ಕಂತೆ ಏರಿಳಿಸಿ ಕೊಡುವ ವಿಧಾನ) ಮಾಡಿಸಿದರೆ ಒಳ್ಳೆಯದು, ಅದಕ್ಕೆ ಖರ್ಚು ಹೆಚ್ಚು ಎನ್ನುತ್ತಾರೆ. ಜೊತೆಗೆ ನಮ್ಮದು ಎಪಿಎಲ್ ಕಾರ್ಡ್.

ನೇರಮಾತು:
ಸಂಧಿಯನ್ನು ಮುಟ್ಟಿದೆ ಎಂದರೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಐಎಂಆರ್‌ಟಿ ಎನ್ನುವುದು ಬಿಲ್ಲು ಏರಿಸುವ ಉಪಾಯ ಎಂಬ ಮಾತನ್ನು ಹಿಂಪಡೆಯುವುದಿಲ್ಲ, ಯಾಕೆಂದರೆ ಅದನ್ನು ನಾನಿನ್ನೂ ಹೇಳಿಯೇ ಇಲ್ಲ, ಈಗ ಹೇಳುತ್ತಿದ್ದೇನೆ.

ಲೀನಾಕ್ ಭೌತಿಗ:
ಅರ್ಧ ಸರಿ. ಕುತ್ತಿಗೆಯ ಎಡಬಲದಿಂದ ಎರಡು ಸರಳ ಕಿರಣಗಳನ್ನು ಹಾಯಿಸುವ ಹಳೆಯ ವಿಧಾನಕ್ಕೆ ಹಲವು ದಶಕಗಳ ದಾಖಲೆ ಇದೆ, ನೂರಕ್ಕೆ ತೊಂಬತ್ತರ ಗುಣ ಬಂದದ್ದು ಅದರಿಂದಲೇ. ಐಎಂಆರ್‌ಟಿಯಿಂದ ಗುಣವಾಗುವ ಪ್ರಮಾಣ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ನಿಜವಾದ ಲಾಭ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳಗಳಿಗೆ ಕಿರಣ ಕಡಿಮೆ ಬೀಳುವಂತೆ ಮಾಡುವುದು. ನಲವತ್ತೈದರ ರೋಗಿಗೆ ಅದು ಮುಖ್ಯ, ಅರವತ್ತೆಂಟರವರಿಗೆ ಎಷ್ಟು ಮುಖ್ಯ ಎಂಬುದು ಚರ್ಚೆಯ ವಿಷಯ. ಇನ್ನೊಂದು ಮಾತು, ಎಂಜಲು ನುಂಗಿದಾಗ ಧ್ವನಿಪೆಟ್ಟಿಗೆ ಮೇಲಕ್ಕೆ ಜಿಗಿಯುತ್ತದೆ. ತೀರಾ ಬಿಗಿಯಾಗಿ ಅಳೆದು ಕಿರಣ ಕೊಟ್ಟರೆ ಗುರಿ ತಪ್ಪುವ ಅಪಾಯವೂ ಇದೆ. ಆದ್ದರಿಂದ ಯಂತ್ರ ಓಡುವಾಗ ನುಂಗಬೇಡಿ ಎನ್ನುತ್ತೇವೆ.

ಕೋಬಾಲ್ಟ್ ಎಂದರೆ ಕೀಳು ಎಂಬ ಭಾವನೆ ಬೇಡ. ಧ್ವನಿತಂತು ಚರ್ಮಕ್ಕೆ ಹತ್ತಿರವಿದೆ, ಹೆಚ್ಚು ಶಕ್ತಿಯ ಕಿರಣವಾದರೆ ಮೊದಲ ಒಂದೆರಡು ಸೆಂಟಿಮೀಟರಿನಲ್ಲಿ ಪೂರ್ತಿ ಬಲ ಬರುವುದಿಲ್ಲ, ಆಗ ಮುಂದಿನ ಸಂಧಿಗೇ ಕಡಿಮೆ ಬೀಳಬಹುದು. ಲೀನಾಕ್ ಆದರೆ 6 ಎಂವಿ ಶಕ್ತಿಯ ಕಿರಣ ಸಾಕು, ಅದಕ್ಕಿಂತ ಹೆಚ್ಚು ಬೇಡ; ಕುತ್ತಿಗೆ ತೆಳುವಾಗಿದ್ದರೆ ಮುಂದೆ ಮೇಣದಂಥ ಪದರವಿಟ್ಟು ಸರಿದೂಗಿಸುತ್ತೇವೆ. ಕೋಬಾಲ್ಟಿನ ಕೊರತೆ ಎಂದರೆ ಐದು ವರ್ಷ ಚಿಲ್ಲರೆಯಲ್ಲಿ ಅದರ ಬಲ ಅರ್ಧಕ್ಕಿಳಿಯುತ್ತದೆ, ಯಂತ್ರದೊಳಗಿನ ಕೋಬಾಲ್ಟ್ ಹಳೆಯದಾದಷ್ಟೂ ರೋಗಿ ಮಲಗಿರುವ ಹೊತ್ತು ಉದ್ದವಾಗುತ್ತದೆ.

ಕಡತದ ಮನುಷ್ಯ:
ಕಾರ್ಡಿನ ವಿಷಯ: ರಾಜ್ಯದಲ್ಲಿ 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಉಚಿತ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ. ಬೆಂಗಳೂರಿನ ಕಿದ್ವಾಯಿಗೆ ಹೋಗುವುದಾದರೆ ಮೊದಲ ದಿನವೇ ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ವರದಿ, ಸಾಧ್ಯವಾದರೆ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಒಯ್ಯಿರಿ. ಸ್ಲೈಡುಗಳನ್ನು ಮರೆತು ವಾಪಸ್ ಬರುವವರನ್ನು ಬಹಳ ನೋಡಿದ್ದೇನೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ದರದಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪ್ರಮಾಣಪತ್ರ ಬರೆಸಿಕೊಳ್ಳಬೇಕು.

ಲೀಡ್ಸಿನ ದಾವಣಗೆರೆಯವಳು:
ಇಲ್ಲಿ ಇಂಗ್ಲೆಂಡಿನಲ್ಲಿ ಇದೇ ಹಂತಕ್ಕೆ 20 ಸಿಟಿಂಗಿನಲ್ಲಿ 55 ಗ್ರೇ ಕೊಟ್ಟು ನಾಲ್ಕು ವಾರಕ್ಕೆ ಮುಗಿಸುವುದನ್ನು ನೋಡಿದ್ದೇನೆ. ಭಾರತದಲ್ಲಿ 28 ಏಕೆ ಎಂದು ನಮ್ಮ ಮಾವ ನನಗೆ ಫೋನ್ ಮಾಡಿ ಗದರಿಸಿದ್ದರು. ಒಟ್ಟು ಗ್ರೇ ಕಡಿಮೆಯಾದರೂ ದಿನದ ಕಂತು ದೊಡ್ಡದು, ಪರಿಣಾಮ ಹೆಚ್ಚುಕಡಿಮೆ ಒಂದೇ. ದಯವಿಟ್ಟು ಸಿಟಿಂಗಿನ ಸಂಖ್ಯೆ ಎಣಿಸಿ ಆಸ್ಪತ್ರೆಗಳನ್ನು ಹೋಲಿಸಬೇಡಿ.

ಹುಬ್ಬಳ್ಳಿ ಕಂಡಕ್ಟರ್:
ಸಂಖ್ಯೆಗಿಂತ ಮುಖ್ಯವಾದದ್ದು ನಡುವೆ ತಪ್ಪಿಸದಿರುವುದು. ಈಗ ಶುರುಮಾಡಿದರೆ ನಿಮಗೆ ದಸರಾ ರಜೆ ಅಡ್ಡ ಬರುತ್ತದೆ. ನನ್ನ ಜೊತೆ ಚಿಕಿತ್ಸೆಗೆ ಬರುತ್ತಿದ್ದವರೊಬ್ಬರು ಹಬ್ಬ, ಆಮೇಲೆ ಮೆಕ್ಕೆಜೋಳದ ಕೊಯ್ಲು ಎಂದು ಹನ್ನೊಂದು ದಿನ ಬರಲೇ ಇಲ್ಲ. ಇನ್ನೊಬ್ಬರು ಒಂದು ದಿನವೂ ತಪ್ಪಿಸಲಿಲ್ಲ, ಆದರೆ ಕಿರಣ ಮುಗಿಸಿ ಹೊರಗೆ ಬಂದ ಕೂಡಲೇ ಕ್ಯಾಂಟೀನಿನ ಹಿಂದೆ ಹೋಗಿ ಬೀಡಿ ಹಚ್ಚುತ್ತಿದ್ದರು. ಇಬ್ಬರಿಗೂ ಒಂದೂವರೆ ವರ್ಷದೊಳಗೆ ಮತ್ತೆ ಬಂತು. ಬೀಡಿಯವರ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಕಿವಿಮೂಗುಗಂಟಲು:
ಕಂಡಕ್ಟರ್ ಅವರು ಹೇಳಿದ್ದಕ್ಕೆ ಲೆಕ್ಕದ ಆಧಾರವೂ ಇದೆ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ಗುಣವಾಗುವ ಸಾಧ್ಯತೆ ನೂರಕ್ಕೆ ಒಂದು ಪಾಲಿನಂತೆ, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು, ಕುಸಿಯುತ್ತದೆ. ಉಳಿದ ಕ್ಯಾನ್ಸರ್ ಕೋಶಗಳು ಆ ಬಿಡುವಿನಲ್ಲಿ ಮತ್ತೆ ಬೆಳೆಯುತ್ತವೆ. ರಜೆ ಬಂದರೆ ಅಥವಾ ಯಂತ್ರ ಕೆಟ್ಟರೆ ಶನಿವಾರ ಕೊಡಿ ಎಂದು ಕೇಳಿ, ಅಥವಾ ಆರು ಗಂಟೆಯಾದರೂ ಅಂತರವಿಟ್ಟು ಒಂದೇ ದಿನ ಎರಡು ಕಂತು ಕೊಡಲಾಗುತ್ತದೆಯೇ ಎಂದು ಕೇಳಿ. ಕೇಳಿದವರಿಗೆ ಮಾಡಿಕೊಡುತ್ತಾರೆ.

ಧೂಮಪಾನದ ಬಗ್ಗೆ ನೀವು ಏನೂ ಬರೆದಿಲ್ಲ.

ಗಾಜನೂರಿನವ:
ಊಟದ ನಂತರ ಒಂದು ಸಿಗರೇಟು, ನಲವತ್ತು ವರ್ಷಗಳಿಂದ. ಬರೆಯಲು ಸಂಕೋಚವಾಯಿತು. ಬಯಾಪ್ಸಿಯ ದಿನದಿಂದ ಬಿಟ್ಟಿದ್ದಾರೆ. ಈಗ ಊಟವಾದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿರುತ್ತಾರೆ.

ಗಾಜನೂರಿನವ (ನಾಲ್ಕನೆಯ ವಾರ):
ಹತ್ತೊಂಬತ್ತು ಸಿಟಿಂಗ್ ಆಗಿವೆ. ಮೊದಲ ಎರಡು ವಾರ ಏನೂ ಆಗಲಿಲ್ಲ, ಅಪ್ಪ ಇದೇನು ಮೋಸ ಎನ್ನುತ್ತಿದ್ದರು. ಈಗ ಕುತ್ತಿಗೆಯ ಎರಡೂ ಬದಿ ಚೌಕಾಕಾರವಾಗಿ ಕೆಂಪಗೆ, ಆಮೇಲೆ ಕಪ್ಪಗೆ ಆಗಿದೆ. ನುಂಗುವಾಗ ನೋವು, ಅನ್ನವನ್ನು ಕಿವುಚಿ ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದೇವೆ. ಎಲ್ಲಕ್ಕಿಂತ ಭಯವಾಗಿರುವುದು, ಇದ್ದಬದ್ದ ಧ್ವನಿಯೂ ಹೋಗಿಬಿಟ್ಟಿದೆ. ಹೆದರಬೇಕೇ?

ಸ್ವರಸಾಧನೆ:
ಹೆದರಬೇಡಿ. ಮೂರು ನಾಲ್ಕನೆಯ ವಾರದಲ್ಲಿ ತಂತುಗಳು ಊದಿಕೊಂಡು ಧ್ವನಿ ಕೆಡುವುದು ನಿರೀಕ್ಷಿತವೇ. ಮುಗಿದ ಮೇಲೂ ಕೆಲವು ವಾರ ಹೀಗೇ ಇರುತ್ತದೆ. ಆದರೆ ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೆ, ಉಸಿರು ಕಟ್ಟಿದಂತಾದರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಒಂದು ಮುಖ್ಯ ಮಾತು. ಧ್ವನಿ ಹೋಗಿದೆಯೆಂದು ಪಿಸುಗುಟ್ಟಲು ಬಿಡಬೇಡಿ. ಪಿಸುಮಾತಿನಿಂದ ತಂತುಗಳಿಗೆ ವಿಶ್ರಾಂತಿ ಸಿಗುತ್ತದೆಂದು ಎಲ್ಲರೂ ತಿಳಿದಿದ್ದಾರೆ, ಬಲವಂತದ ಪಿಸುಮಾತಿನಲ್ಲಿ ಬಿಗಿತವೇ ಹೆಚ್ಚು. ಮೆಲುದನಿಯಲ್ಲಿ ಎರಡು ಮಾತು ಆಡಲಿ, ಇಲ್ಲವೇ ಬರೆದು ತೋರಿಸಲಿ. ನೀರಿನ ಹಬೆ ತೆಗೆದುಕೊಳ್ಳಲಿ, ಅದಕ್ಕೆ ಬಾಮು ಗೀಮು ಏನನ್ನೂ ಹಾಕಬೇಡಿ.

ಗಾಜನೂರಿನವ:
ಬರೆಯಲು ಮೊಮ್ಮಗನ ಸ್ಲೇಟು ಕೊಟ್ಟೆವು. ಮೊದಲ ದಿನವೇ ನನ್ನ ಮಗ “ತಾತ ಔಷದ ತಗೊ” ಎಂದು ಬರೆದು ತೋರಿಸಿದ್ದಕ್ಕೆ, ಅಪ್ಪ ‘ದ’ಕಾರವನ್ನು ಒರೆಸಿ ‘ಧ’ ಮಾಡಿ, ಕೆಳಗೆ ಹತ್ತಕ್ಕೆ ಒಂಬತ್ತು ಅಂಕ ಹಾಕಿ, ಆಮೇಲೆ ಔಷಧ ತೆಗೆದುಕೊಂಡರು.

ಗಂಗೊಳ್ಳಿ ಬಂದರು:
ಮೇಷ್ಟ್ರು ಗುಣವಾಗುತ್ತಾರೆ ಬಿಡಿ.

ಕಡತದ ಮನುಷ್ಯ:
ಒಂದು ವೇಳೆ ಮರುಕಳಿಸಿ ಧ್ವನಿಪೆಟ್ಟಿಗೆ ತೆಗೆಯಬೇಕಾಗಿ ಬಂದರೂ ಮಾತು ಪೂರ್ತಿ ನಿಲ್ಲುವುದಿಲ್ಲ ಎಂಬುದು ಇಲ್ಲಿ ಓದುತ್ತಿರುವ ಬೇರೆಯವರಿಗೆ ಗೊತ್ತಿರಲಿ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಅವರು ರೂಪಿಸಿದ ಧ್ವನಿ ಸಾಧನದ ಬೆಲೆ ಅದು ಬಂದ ಹೊಸತರಲ್ಲಿ ಸುಮಾರು ಐವತ್ತು ರೂಪಾಯಿ ಇತ್ತು. ಹೊರದೇಶದಿಂದ ಬರುವ ಅಂಥ ಸಾಧನಗಳಿಗೆ ಸಾವಿರಾರು ರೂಪಾಯಿ ತೆರಬೇಕಿತ್ತು.

ನೇರಮಾತು:
ಇಪ್ಪತ್ತನೆಯ ಸಿಟಿಂಗ್‌ನಲ್ಲಿರುವವರ ಮಗನಿಗೆ ಈಗ ಇದನ್ನು ಹೇಳಲೇಬೇಕಿತ್ತೇ?

ಕಡತದ ಮನುಷ್ಯ:
ಬೇರೆಯವರಿಗೆ ಎಂದೇ ಬರೆದಿದ್ದೇನೆ. ಓದಿ ನೋಡಿ.

ಗಾಜನೂರಿನವ (ಶಿವರಾತ್ರಿಯ ಮರುದಿನ):
ಬಹಳ ದಿನಗಳಾದವು, ಕ್ಷಮಿಸಿ. 28 ಸಿಟಿಂಗ್ ಮುಗಿದು ನಾಲ್ಕು ತಿಂಗಳಾಯಿತು. ದಸರೆಯಲ್ಲಿ ಎರಡು ದಿನ ತಪ್ಪಿದ್ದನ್ನು ಶನಿವಾರಗಳಲ್ಲಿ ತುಂಬಿಕೊಟ್ಟರು. ನಾನು ಕೇಳದಿದ್ದರೆ ಅವರಾಗಿಯೇ ಮಾಡುತ್ತಿದ್ದರೋ ಇಲ್ಲವೋ ತಿಳಿಯದು. ನಳಿಗೆ ಹಾಕಿ ನೋಡಿದಾಗ ಬಿಳಿಯ ಒರಟು ಜಾಗ ಕಾಣಿಸಲಿಲ್ಲ, ತಂತು ಇನ್ನೂ ಸ್ವಲ್ಪ ಕೆಂಪಗಿದೆ. ಮೊದಲ ವರ್ಷ ಪ್ರತಿ ಎರಡು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ, ಥೈರಾಯ್ಡ್ ಪರೀಕ್ಷೆಯನ್ನೂ ಆಗಾಗ ಮಾಡಿಸಬೇಕಂತೆ.

ನಿನ್ನೆ ರಾತ್ರಿ ಜಾಗರಣೆಗೆ ಮನೆಯಲ್ಲಿ ನಾಲ್ಕೈದು ಜನ ಸೇರಿದ್ದೆವು. ಅಪ್ಪ ಶ್ರುತಿಪೆಟ್ಟಿಗೆ ತರಿಸಿದರು. ಮೊದಲು ಎರಡು ಮನೆ ಶ್ರುತಿಯಲ್ಲಿ ಓದುತ್ತಿದ್ದವರು, ಒಂದು ಮನೆಗೆ ಇಳಿಸಿಕೊಂಡರು. ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು. ಧ್ವನಿ ಮೊದಲಿನದಲ್ಲ, ತುಸು ಭಾರ, ಮೇಲಿನ ಸ್ವರಕ್ಕೆ ಹೋದಾಗ ಅಂಚು ಸೀಳುತ್ತದೆ. ಮೂರು ಪದ್ಯ ಓದಿ, ವ್ಯಾಖ್ಯಾನವನ್ನು ಗೆಳೆಯರಿಗೆ ಬಿಟ್ಟು, ನೀರು ಕುಡಿದರು.

ಸ್ವರಸಾಧನೆ:
ಬಹಳ ಸಂತೋಷ. ‘ಆ’ ಎಷ್ಟು ಸೆಕೆಂಡು?

ಗಾಜನೂರಿನವ:
ಹದಿನಾಲ್ಕು. ಷಟ್ಪದಿಯ ಮೊದಲರ್ಧಕ್ಕೆ ಸಾಲುತ್ತದೆ, ಆದರೆ ಮೂರನೆಯ ಸಾಲಿನ ಕೊನೆಯ ಅಕ್ಷರವನ್ನು ಎಳೆಯಲು ಉಸಿರು ಉಳಿಯುವುದಿಲ್ಲ. ಅಲ್ಲಿ ಅಪ್ಪ ಕೈ ಎತ್ತುತ್ತಾರೆ, ಅಮ್ಮ ಆ ಸ್ವರವನ್ನು ಹಿಡಿದು ಮುಗಿಸುತ್ತಾರೆ.